ಸ್ಟಿಯರಿಂಗ್ ಮೇಲಿನ ದೂರು

ಫೆಬ್ರವರಿ 9

ಮಗಳೇ,

ಇಷ್ಟು ದಿನ ಬಿಟ್ಟು ಅಪ್ಪನಿಗೆ ಪೆನ್ನು ಹಿಡಿಯುವ ಬುದ್ಧಿ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡ. ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದೂ ತಿಳಿಯಬೇಡ. ನಮ್ಮ ಫೋಟೋ ಫ್ರೇಮಿನ ಅಂಗಡಿ ಬೇಡ ಎಂದು ಎದ್ದು ಹೋದವಳು ನೀನು, ನಾನಲ್ಲ. ಫೋನ್ ಮಾಡಿದರೆ ಎರಡನೇ ಮಾತಿಗೇ ನಾವಿಬ್ಬರೂ ಕಿತ್ತಾಡುತ್ತೇವೆ ಎಂದು ನಿಮ್ಮಮ್ಮನೇ ಕಾಗದ, ಲಕೋಟೆ ತಂದು ಎದುರಿಗಿಟ್ಟಳು. "ಕಾಗದದಲ್ಲಿ ಕೂಗಾಡೋಕಾಗಲ್ಲ, ಬರೀರಿ" ಅಂದಳು. ಅವಳಿಗೇನು ಗೊತ್ತು.

ವಿಷಯ ಕಾರಿನದು. ಹಳೆಯ ವ್ಯಾನ್ ಮಾರಿ ಏಳು ಸೀಟಿನ ಎಸ್‌ಯುವಿ ಕೊಂಡಿದ್ದೇವೆ. ಹಿಂದಿನ ಸೀಟು ಮಡಚಿದರೆ ದೊಡ್ಡ ಫ್ರೇಮುಗಳು, ಗಾಜಿನ ಹಾಳೆಗಳು ಸಲೀಸಾಗಿ ಮಲಗುತ್ತವೆ. ಭಾನುವಾರ ಅದೇ ಸೀಟು ಎಬ್ಬಿಸಿ ನಿನ್ನ ಅಜ್ಜಿ, ಚಿಕ್ಕಮ್ಮ, ಅವಳ ಮಕ್ಕಳು ಎಲ್ಲರನ್ನೂ ತುಂಬಿಕೊಳ್ಳಬಹುದು. ಗಾತ್ರ ನೋಡಿ ನಿಮ್ಮಮ್ಮ ಅದಕ್ಕೆ ‘ಎಮ್ಮೆ’ ಎಂದು ಹೆಸರಿಟ್ಟಿದ್ದಾಳೆ. ಹೆಸರಿಗೆ ತಕ್ಕ ಮೊಂಡು. ಹೆದ್ದಾರಿಯಲ್ಲಿ ನೇರ ಹೋಗುತ್ತಿರುವಾಗ ಸ್ಟಿಯರಿಂಗ್ ಇದ್ದಲ್ಲೇ ಕಚ್ಚಿಕೊಳ್ಳುತ್ತದೆ. ಸ್ವಲ್ಪ ತಿರುಗಿಸಿದರೆ ಬಗ್ಗುವುದಿಲ್ಲ. ಜೋರು ಮಾಡಿ ಎಳೆದರೆ ಒಮ್ಮೆಲೇ ಬಿಟ್ಟುಕೊಟ್ಟು ಪಕ್ಕದ ಸಾಲಿಗೆ ನುಗ್ಗುತ್ತದೆ. ಹೋದ ವಾರ ಒಂದು ಬಸ್ಸು ಕೂದಲೆಳೆಯಲ್ಲಿ ತಪ್ಪಿತು. ಹಿಂದೆ ಅಜ್ಜಿ ಕೂತಿದ್ದರು. ಅವತ್ತು ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ಸರ್ವಿಸ್ ಸೆಂಟರಿಗೆ ಕೊಟ್ಟೆ. ಮೆಕ್ಯಾನಿಕ್ ಒಂದು ಸುತ್ತು ಹೊಡೆದು ಬಂದು "ಬೆಣ್ಣೆ ಥರ ತಿರುಗ್ತಿದೆಯಲ್ಲ ಸಾರ್" ಎಂದ. ಎದುರುಮನೆಯ ದಂತವೈದ್ಯರದೂ ಇದೇ ಕಾರು, ಅವರದೂ ಹೀಗೇ ಕಚ್ಚುತ್ತದೆಯಂತೆ. ಹಾಗಾದರೆ ನಾವಿಬ್ಬರೂ ಹುಚ್ಚರೇ?

ಊರವರ ದೂರುಗಳನ್ನು ಬರೆದುಕೊಡುವುದೇ ನಿನ್ನ ಉದ್ಯೋಗ. ಫ್ರಿಜ್ಜು ಕೆಟ್ಟವರಿಗೆ, ಫ್ಯಾನು ಕೆಟ್ಟವರಿಗೆ ಬರೆಯುತ್ತೀಯಂತೆ. ಹೆತ್ತ ಅಪ್ಪನಿಗೂ ಒಂದು ಬರೆದುಕೊಡು.

ಸಿಟ್ಟು ಹಾಗೇ ಇಟ್ಟುಕೊಂಡು,
ಅಪ್ಪ


ಫೆಬ್ರವರಿ 20

ಅಪ್ಪನಿಗೆ,

ಲಕೋಟೆಯ ಮೇಲೆ ನಿಮ್ಮ ಅಕ್ಷರ ಕಂಡು, ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡೆ. ಒಡೆದು ನೋಡಿದರೆ ಎಮ್ಮೆ. ಆಫೀಸಿನವರೆಲ್ಲ ತಿರುಗಿ ನೋಡುವಷ್ಟು ನಕ್ಕೆ. ಆಮೇಲೆ ಹೊರಗೆ ಮೆಟ್ಟಿಲ ಹತ್ತಿರ ಹೋಗಿ ಅತ್ತೆ. ಅದನ್ನು ನಿಮಗೆ ಹೇಳಬಾರದಿತ್ತು, ಹೇಳಿದ್ದೇನೆ.

ನೀವು ಹುಚ್ಚರಲ್ಲ. ಆ ಕಾರು ಕೊಂಡವರು ಕಷ್ಟಸುಖ ಹೇಳಿಕೊಳ್ಳುವ ಒಂದು ಇಂಟರ್ನೆಟ್ ಗುಂಪಿದೆ. ಎರಡು ಸಂಜೆ ಕೂತು ಓದಿದೆ. ನಿವೃತ್ತ ಮೇಷ್ಟ್ರೊಬ್ಬರು ನಿಮ್ಮ ಮಾತನ್ನೇ ಬರೆದಿದ್ದಾರೆ, ‘ಕಚ್ಚಿಕೊಳ್ಳುತ್ತದೆ’ ಎಂದು. ಮೂರು ಮಕ್ಕಳ ತಾಯಿಯೊಬ್ಬರ ಕಾರು ಶಾಲೆಯ ತಿರುವಿನಲ್ಲಿ ತಿರುಗದೆ ಸೀದಾ ಕಟ್ಟೆಗೆ ಗುದ್ದಿ, ದೊಡ್ಡ ಹುಡುಗಿಯ ಹೆಗಲ ಮೂಳೆ ಮುರಿದಿದೆ. ಸರ್ವಿಸ್ ಸೆಂಟರಿನವರು ಆಕೆಗೆ ಹೇಳಿದ್ದು "ಮೇಡಂ, ಇಷ್ಟು ದೊಡ್ಡ ಗಾಡಿ ಲೇಡೀಸ್‌ಗೆ ಸ್ವಲ್ಪ ಕಷ್ಟ". ಆಕೆಯ ಗಂಡನೂ ಅದನ್ನೇ ಹೇಳುತ್ತಿದ್ದಾನಂತೆ. ನನಗೆ ಮೈ ಉರಿಯಿತು.

ಒಬ್ಬೊಬ್ಬರೇ ಹೋದರೆ ಕಂಪನಿ ಮೂಸಿಯೂ ನೋಡುವುದಿಲ್ಲ. ಎಲ್ಲರನ್ನೂ ಸೇರಿಸಿ ಗ್ರಾಹಕ ನ್ಯಾಯಮಂಡಳಿಗೆ ಒಂದೇ ದೂರು ಹಾಕೋಣ. ದೂರುದಾರರಲ್ಲಿ ಮೊದಲ ಹೆಸರು ನಿಮ್ಮದು. ನನ್ನ ಅಪ್ಪ ಎಂದೇ ಹಾಗೆ ಹಾಕಿದ್ದೇನೆ. ಯಾವ ತಿರುವಿನಲ್ಲಿ, ಎಷ್ಟು ವೇಗದಲ್ಲಿ, ಎಷ್ಟು ಬಿಗಿ, ಎಲ್ಲವನ್ನೂ ಗಮನಿಸಿ ಬರೆಯಿರಿ. ಬೈಗುಳ ಬಿಟ್ಟು ಬರೆಯಿರಿ.

ಅಜ್ಜಿಯನ್ನು ಸದ್ಯಕ್ಕೆ ಆ ಕಾರಿನಲ್ಲಿ ಕೂರಿಸಬೇಡಿ.

ಎದ್ದು ಹೋದ,
ಮಗಳು


ಮಾರ್ಚ್ 16

ದೂರುದಾರರ ಮಗಳೇ,

ಮೊದಲ ಹೆಸರು ನನ್ನದು ಎಂದು ದಂತವೈದ್ಯರಿಗೆ ತೋರಿಸಿದೆ. ಅವರದು ಆರನೆಯದಂತೆ, ಮುಖ ಸಪ್ಪಗಾಯಿತು. ಈಗ ದಿನಾ ಸಂಜೆ ಅಂಗಡಿಗೆ ಬಂದು ಕೂರುತ್ತಾರೆ. ಇಬ್ಬರೂ ಸೇರಿ ಕಂಪನಿಯ ಏಳು ತಲೆಮಾರಿನ ಜನ್ಮ ಜಾಲಾಡುತ್ತೇವೆ. ಇಷ್ಟು ಹುಮ್ಮಸ್ಸು ನನಗೆ ಎಷ್ಟೋ ಕಾಲದಿಂದ ಇರಲಿಲ್ಲ. ನಿನಗೆ ಬರೆಯಬೇಕು ಎಂದು ಬೆಳಗ್ಗೆ ಎದ್ದ ತಕ್ಷಣ ನೆನಪಾಗುತ್ತದೆ. ಇದನ್ನು ನಿಮ್ಮಮ್ಮ ಓದಬಾರದು.

ನೀನು ಕೇಳಿದ್ದಕ್ಕೆ ಉತ್ತರ. ಮೊದಲು ಹೆದ್ದಾರಿಯಲ್ಲಿ ಮಾತ್ರ ಬಿಗಿ ಇತ್ತು. ಈಗ ಬೀದಿಯಲ್ಲೂ ಬಿಗಿ. ಎಡಕ್ಕಿಂತ ಬಲಕ್ಕೆ ಹೆಚ್ಚು. ಬೆಳಗ್ಗೆಗಿಂತ ಸಂಜೆ ಹೆಚ್ಚು. ಕೆಲವು ದಿನ ಕೀಲಿ ತಿರುಗಿಸುವುದಕ್ಕೂ ಬಿಗಿ, ಅಂದರೆ ಕಾಯಿಲೆ ಆ ಕಡೆಗೂ ಹಬ್ಬಿದೆ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ತೋರಿಸಿದೆ. ಅವನು ಸ್ಟಿಯರಿಂಗಿಗಿಂತ ನನ್ನನ್ನೇ ಹೆಚ್ಚು ನೋಡುತ್ತಿದ್ದ. ಇಳಿಯುವಾಗ "ಸಾರ್, ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದ. ಗಾಡಿ ರಿಪೇರಿ ಮಾಡು ಎಂದರೆ ನನ್ನನ್ನು ರಿಪೇರಿ ಮಾಡಲು ಬಂದಿದ್ದಾನೆ.

ಈ ಎಮ್ಮೆಯನ್ನು ಎಳೆದೂ ಎಳೆದೂ ನನ್ನ ಬಲಗೈ ಸೋತಿದೆ. ಇದನ್ನೂ ದೂರಿನಲ್ಲಿ ಸೇರಿಸು. ಗಾಜು ಕೊಯ್ಯುವಾಗ ಗೆರೆ ನೇರ ಬರುತ್ತಿಲ್ಲ. ಗಾಜೂ ಈಚೆಗೆ ಕಳಪೆ ಬರುತ್ತಿದೆ ಅನ್ನು, ಅಂಚಿನಲ್ಲಿ ಚೂರು ಚೂರು ಒಡೆಯುತ್ತದೆ. ಅಂಗಿಯ ಗುಂಡಿ ನಿಮ್ಮಮ್ಮ ಹಾಕಿಕೊಡುತ್ತಾಳೆ. ಮದುವೆಯ ಹೊಸತರಲ್ಲೂ ಇಷ್ಟು ಉಪಚಾರ ಕಂಡಿರಲಿಲ್ಲ.

ಕಂಪನಿಯನ್ನು ಬಿಡಬೇಡ.

ಮೊದಲ ದೂರುದಾರ,
ಅಪ್ಪ


ಏಪ್ರಿಲ್ 11

ಅಪ್ಪನಿಗೆ,

ಗೆದ್ದೆವು ಎನ್ನಲಾರೆ, ಆದರೆ ಅರ್ಧ ದಾರಿ ಬಂದಿದ್ದೇವೆ. ಕಂಪನಿ ಮೊದಲ ಬಾರಿಗೆ ಬಾಯಿ ಬಿಟ್ಟಿದೆ. ಸ್ಟಿಯರಿಂಗಿಗೆ ಬಲ ಕೊಡುವ ಮೋಟಾರಿನ ಒಂದು ಭಾಗ ಕೆಲವು ತಿಂಗಳುಗಳಲ್ಲಿ ತಯಾರಾದ ಕಾರುಗಳಲ್ಲಿ ಸರಿಯಿರಲಿಲ್ಲವಂತೆ. ಬಿಸಿಯಾದಾಗ ಅಂಟಿಕೊಳ್ಳುತ್ತದೆಯಂತೆ. ಅಂಥ ಕಾರುಗಳಿಗೆ ಉಚಿತವಾಗಿ ಹೊಸದು ಹಾಕುತ್ತಾರೆ. ಆದರೆ ಹೆಗಲು ಮುರಿದ ಹುಡುಗಿಗೂ, ಪೆಟ್ಟು ತಿಂದ ಇನ್ನುಳಿದವರಿಗೂ ತಾವು ಹೊಣೆ ಅಲ್ಲ ಎನ್ನುತ್ತಿದ್ದಾರೆ. ಮೊಕದ್ದಮೆ ಈಗ ನಡೆಯುತ್ತಿರುವುದು ಆ ಪರಿಹಾರಕ್ಕೆ.

ಒಂದು ತಮಾಷೆ ಕೇಳಿ. ನಿಮ್ಮ ಕಾರು ಆ ತಿಂಗಳುಗಳಲ್ಲಿ ತಯಾರಾದದ್ದೇ ಅಲ್ಲವಂತೆ, ಆಮೇಲಿನದಂತೆ. ನಿಮ್ಮದರಲ್ಲಿ ದೋಷ ಇರಲು ಸಾಧ್ಯವೇ ಇಲ್ಲ ಎಂದು ಬರೆದಿದ್ದಾರೆ. ಮೊದಲ ದೂರುದಾರನನ್ನು ಕಿತ್ತುಹಾಕಿದರೆ ಉಳಿದವರು ತಾವಾಗಿಯೇ ಉದುರುತ್ತಾರೆ ಎಂಬ ಲೆಕ್ಕಾಚಾರ. ನಾನು ಬಿಡುತ್ತೇನೆಯೇ? ನಾಲ್ಕು ಪುಟ ಬರೆದು ಕಳಿಸಿದೆ. ಕೊನೆಗೆ ‘ಗ್ರಾಹಕರ ಸಮಾಧಾನಕ್ಕಾಗಿ’ ನಿಮ್ಮದಕ್ಕೂ ಹೊಸದು ಹಾಕಲು ಒಪ್ಪಿದ್ದಾರೆ. ಕೊಂಡುಹೋಗಿ ಹಾಕಿಸಿಕೊಳ್ಳಿ.

ಇನ್ನೊಂದು ಮುಖ್ಯ ಕೆಲಸ. ನಿಮ್ಮ ಕೈ ನಮ್ಮ ಕಡೆಯ ದೊಡ್ಡ ಸಾಕ್ಷಿ. ಆ ಸ್ಟಿಯರಿಂಗ್ ತಿರುಗಿಸಿ ಕೈ ಹೀಗಾಗಿದೆ ಎಂದು ಒಬ್ಬ ಡಾಕ್ಟರು ಬರೆದುಕೊಟ್ಟರೆ ಕಂಪನಿ ತಪ್ಪಿಸಿಕೊಳ್ಳಲು ಸಂದಿಯೇ ಇರುವುದಿಲ್ಲ. ನಾಳೆಯೇ ಹೋಗಿ ಸರ್ಟಿಫಿಕೇಟ್ ತನ್ನಿ. ನೋವಿದೆ ಎಂದು ಸ್ವಲ್ಪ ಜೋರಾಗಿಯೇ ಹೇಳಿ.

ಅಪ್ಪಾ, ನಾವಿಬ್ಬರೂ ಒಂದೇ ಕಡೆ ನಿಂತು ಜಗಳವಾಡುತ್ತಿರುವುದು ಇದೇ ಮೊದಲು. ನನಗೆ ಬಹಳ ಖುಷಿಯಾಗಿದೆ.

ನಿಮ್ಮ ಕಡೆಯ,
ಮಗಳು


ಮೇ 6

ಮಗಳೇ,

ಅಕ್ಷರ ನಿಮ್ಮಮ್ಮನದು, ಮಾತು ನನ್ನದು. ಬಲಗೈಗೆ ವಿಶ್ರಾಂತಿ ಕೊಟ್ಟಿದ್ದೇನೆ. (ಪೆನ್ನು ಬೆರಳಲ್ಲಿ ನಿಲ್ಲುತ್ತಿಲ್ಲ. — ಅಮ್ಮ)

ಕಾರಿಗೆ ಹೊಸ ಮೋಟಾರು ಹಾಕಿದರು. ತರುವಾಗ ಹೂವಿನಷ್ಟು ಹಗುರ. (ಮನೆಯ ತಿರುವಿನಲ್ಲಿ ಎರಡೂ ಕೈ ಹಾಕಿ ಎಳೆದರು. ನಾನು ಪಕ್ಕದಲ್ಲೇ ಇದ್ದೆ.) ಮಧ್ಯೆ ಬಾಯಿ ಹಾಕಬೇಡ ಎಂದರೆ ಬರೆಯುವವಳೇ ಬಾಯಿ ಹಾಕುತ್ತಿದ್ದಾಳೆ. ಮಾರನೆಯ ದಿನದಿಂದ ಮತ್ತೆ ಬಿಗಿ. ಹಳೆಯದನ್ನೇ ತೊಳೆದು ಹಾಕಿರಬೇಕು ಕಳ್ಳರು. (ದಂತವೈದ್ಯರ ಕಾರು ಪೂರ್ತಿ ಸರಿಹೋಗಿದೆ. ಅವರು ಈಗ ಅಂಗಡಿಗೆ ಬರುವುದು ಕಡಿಮೆ.)

ಡಾಕ್ಟರ ಹತ್ತಿರ ಹೋಗಿದ್ದೆ. ಸರ್ಟಿಫಿಕೇಟ್ ಕೊಡಿ ಎಂದರೆ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೆಬ್ಬೆರಳ ಬುಡದಲ್ಲಿ ಮಾಂಸ ಇಳಿದುಹೋಗಿದೆ ಎಂದರು. ಆಮೇಲೆ ಮಂಡಿಗೆ ಪುಟ್ಟ ಸುತ್ತಿಗೆಯಲ್ಲಿ ಹೊಡೆದರು. ಆಮೇಲೆ "ನಾಲಿಗೆ ಹೊರಗೆ ಚಾಚಿ" ಎಂದರು. "ನಾನು ಬಂದಿರೋದು ಕೈಗೆ ಡಾಕ್ಟ್ರೇ. ಸ್ಟಿಯರಿಂಗನ್ನ ನಾಲಿಗೇಲಿ ತಿರುಗಿಸ್ತೀನಾ?" ಎಂದೆ. ಅವರು ನಗಲಿಲ್ಲ. ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಕೈಗೆ, ಕಾಲಿಗೆ, ಗಲ್ಲಕ್ಕೆ ಸೂಜಿ ಚುಚ್ಚಿ ಏನೋ ಮೆಷಿನ್ನಿನಲ್ಲಿ ನೋಡಿದ್ದಾರೆ. ರಿಪೋರ್ಟು ಬರಬೇಕು.

ಒಂದು ಸರ್ಟಿಫಿಕೇಟಿಗೆ ಇಷ್ಟು ರಾಮಾಯಣ ಯಾಕೆ? ಕಂಪನಿಯವರು ಡಾಕ್ಟರನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾರೆ ಎಂದು ನನ್ನ ಅನುಮಾನ. (ನನಗೆ ಬೇರೆ ಅನುಮಾನ. ಇದನ್ನು ಅವರು ಹೇಳಿದ್ದಲ್ಲ.)

ಅಪ್ಪ
(ಮತ್ತು ಅಮ್ಮ)


ಜೂನ್ 3

ಕಂದಾ,

ಇದು ಪೂರ್ತಿ ನನ್ನ ಪತ್ರ. ನಿಮ್ಮಪ್ಪ ಅಂಗಡಿಯಲ್ಲಿದ್ದಾರೆ. ಕೆಲಸ ಏನೂ ಮಾಡುವುದಿಲ್ಲ, ಗಾಜಿನ ಮುಂದೆ ಕೂತಿರುತ್ತಾರೆ.

ಕೈ ಸೋತದ್ದು ಕಾರಿನಿಂದ ಅಲ್ಲವಂತೆ. ಮಾಂಸಖಂಡಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆಯಂತೆ. ಕೈಯಲ್ಲಿ ಶುರುವಾಗಿದೆ. ಆಮೇಲೆ ಕಾಲು, ಆಮೇಲೆ ಮಾತು, ನುಂಗುವುದು, ಕೊನೆಗೆ ಉಸಿರು. ವಾಸಿ ಮಾಡುವ ಔಷಧಿ ಇಲ್ಲವಂತೆ. ಸ್ವಲ್ಪ ನಿಧಾನ ಮಾಡುವ ಮಾತ್ರೆ ಇದೆಯಂತೆ, ಬರೆದುಕೊಟ್ಟಿದ್ದಾರೆ. ಡಾಕ್ಟರು ಒಳ್ಳೆಯವರು, ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಹೇಳಿದರು.

ನಿಮ್ಮಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಆ ಸ್ಟಿಯರಿಂಗ್ ಎಳೆದೂ ಎಳೆದೂ ಹೀಗಾಗಿರಬಹುದಲ್ವಾ ಡಾಕ್ಟ್ರೇ?" ಡಾಕ್ಟರು ಇಲ್ಲ ಎಂದರು. ಇವರು "ಸ್ವಲ್ಪನಾದ್ರೂ?" ಎಂದರು. ಅವರ ದನಿ ಕೇಳಿ ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹೊರಗೆ ಬಂದೆ. ಆ ಸ್ಟಿಯರಿಂಗನ್ನು ನಾನೂ ಎಷ್ಟು ಬೈದಿದ್ದೆ. ಈಗ ಅದರದೇ ತಪ್ಪಾಗಿರಲಿ ಎಂದು ಕೈ ಮುಗಿಯುವ ಹಾಗಾಗಿದೆ.

ಇನ್ನು ಗಾಡಿ ಓಡಿಸಬಾರದು ಎಂದಿದ್ದಾರೆ. ಕೀಲಿ ನನ್ನ ಹತ್ತಿರ ಇದೆ. ಒಂದು ಮಾತೂ ಆಡದೆ ಕೊಟ್ಟುಬಿಟ್ಟರು. ಜಗಳವಾಡಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ "ಅವಳಿಗೆ ಹೇಳಬೇಡ, ಬರೋಕೂ ಬಿಡಬೇಡ. ಅವಳು ಬಂದ್ಲು ಅಂದ್ರೆ ಕಾಯಿಲೆ ನಿಜ ಅಂತಾಗತ್ತೆ. ದೂರು ನಡೀತಿದೆಯಲ್ಲ, ತೀರ್ಪು ಬರಲಿ" ಎಂದರು. ಅವರ ಪಾಲಿಗೆ ಅದಿನ್ನೂ ತೀರ್ಮಾನವಾಗಿಲ್ಲ. ನಾನು ಅವರ ಮಾತು ಮೀರಿ ನಿನಗೆ ಹೇಳಿದ್ದೇನೆ. ಆದರೂ ಈಗಲೇ ಓಡಿ ಬರಬೇಡ. ಅವರು ಕುಸಿದುಹೋಗುತ್ತಾರೆ.

ಅಮ್ಮ


ಜೂನ್ 12

ಅಪ್ಪಾ,

ಅಮ್ಮ ಎಲ್ಲ ಬರೆದಿದ್ದಾಳೆ. ಅವಳನ್ನು ಬೈಯಬೇಡಿ.

ಎಲ್ಲರ ಕಷ್ಟವನ್ನೂ ಪುಟಗಟ್ಟಲೆ ಬರೆಯುವವಳಿಗೆ ಈಗ ಒಂದು ಸಾಲು ನೆಟ್ಟಗೆ ಬರುತ್ತಿಲ್ಲ. ನಿಮ್ಮ ಕೈ ನಮ್ಮ ಸಾಕ್ಷಿ ಎಂದು ಬರೆದಿದ್ದೆ. ಆ ಸಾಲು ದಿನವಿಡೀ ಕಿವಿಯಲ್ಲಿ ಕೇಳುತ್ತದೆ. ನೀವು ಬಿಗಿ ಎಂದಾಗಲೆಲ್ಲ ನನಗೆ ಸಂತೋಷವಾಗುತ್ತಿತ್ತು ಅಪ್ಪ. ನಮ್ಮ ದೂರು ಗಟ್ಟಿಯಾಗುತ್ತಿದೆ ಎಂದುಕೊಳ್ಳುತ್ತಿದ್ದೆ.

ರಜೆ ಕೇಳಿಟ್ಟಿದ್ದೇನೆ. ನೀವು ಬಾ ಎಂದ ದಿನ ಹೊರಡುತ್ತೇನೆ. ಬೇಡ ಎಂದರೆ ಬೇಡ ಎಂದಾದರೂ ಬರೆಸಿ.

ಮಗಳು


ಜುಲೈ 8

ಅಪ್ಪನಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಉತ್ತರ ಬರುವವರೆಗೆ ಈ ಪತ್ರ ಬರೆಯಬಾರದು ಎಂದಿದ್ದೆ, ಆದರೆ ಕಾಯಲು ಆಗುವುದಿಲ್ಲ.

ಕಂಪನಿಯ ವಕೀಲರು ನಿಮ್ಮ ಆಸ್ಪತ್ರೆಯ ರಿಪೋರ್ಟು ಹಾಜರುಪಡಿಸಬೇಕು ಎಂದು ಕೇಳಿದ್ದಾರೆ. ಕೈಗೆ ಪೆಟ್ಟಾಗಿದೆ ಎಂದು ದೂರಿನಲ್ಲಿ ಬರೆದವಳು ನಾನೇ, ಹಾಗಾಗಿ ಕೇಳುವ ಹಕ್ಕು ಅವರಿಗಿದೆ. ರಿಪೋರ್ಟು ಸಿಕ್ಕಿದರೆ ಅವರು ಏನು ಹೇಳುತ್ತಾರೆ ನಿಮಗೇ ಗೊತ್ತು. ಮೊದಲ ದೂರುದಾರನ ಸ್ಟಿಯರಿಂಗ್ ಸರಿಯಿತ್ತು, ಕೈ ಸರಿಯಿರಲಿಲ್ಲ. ಉಳಿದವರದೂ ಹಾಗೇ. ಮೇಷ್ಟ್ರಿಗೆ ವಯಸ್ಸಾಗಿದೆ, ಆ ತಾಯಿಗೆ ಓಡಿಸಲು ಬರುವುದಿಲ್ಲ ಎನ್ನುತ್ತಾರೆ. ಆ ಹುಡುಗಿಯ ಹೆಗಲು ಇನ್ನೂ ಸರಿ ಕೂಡಿಲ್ಲ, ಮತ್ತೆ ಆಪರೇಷನ್ ಆಗಬೇಕು. ಅವಳ ತಾಯಿ ನಿನ್ನೆ ಫೋನ್ ಮಾಡಿ "ನಿಮ್ಮ ತಂದೆ ಮುಂದೆ ನಿಂತಿರೋದು ನನಗೆ ಎಷ್ಟು ಧೈರ್ಯ ಗೊತ್ತಾ" ಎಂದರು. ಆಪರೇಷನ್ ಯಾವಾಗ ಎಂದಷ್ಟೇ ಕೇಳಿ ಫೋನ್ ಇಟ್ಟೆ.

ಅವರು ರಿಪೋರ್ಟು ಪಡೆಯುವ ಮೊದಲೇ ನೀವಾಗಿ ಹಿಂದೆ ಸರಿದು, ನಿಜ ಏನೆಂದು ಹೇಳಿಕೆ ಕೊಟ್ಟರೆ ಉಳಿದವರ ದೂರು ಉಳಿಯುತ್ತದೆ ಎಂದು ನಮ್ಮ ವಕೀಲರು ಹೇಳುತ್ತಾರೆ. ನಿಮ್ಮ ಊರಿನ ಕಚೇರಿಯಲ್ಲೇ ಕೊಡಬಹುದು. ಹೇಳಿಕೆಯಲ್ಲಿ ಏನಿರಬೇಕು ಎಂದು ನಾನು ಬರೆದು ಕಳಿಸುವುದಿಲ್ಲ. ನನ್ನ ಕೈಯಿಂದ ಆಗುವುದಿಲ್ಲ ಅಪ್ಪ.

ಇದು ನಿಮಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ದೂರು ನಡೆಯುತ್ತಿರುವವರೆಗೆ ನಿಮಗೊಂದು ಆಸೆ ಇದೆ. ಅದನ್ನು ಕಿತ್ತುಕೊಳ್ಳಲು ಕೇಳುತ್ತಿರುವವಳು ನಾನೇ ಆಗಬೇಕಾಯಿತು. ನೀವು ಆಗುವುದಿಲ್ಲ ಎಂದರೆ ನಾನು ಇನ್ನೊಮ್ಮೆ ಕೇಳುವುದಿಲ್ಲ.

ನಿಮ್ಮ ಕಡೆಯವಳೇ ಆದ,
ಮಗಳು


ಆಗಸ್ಟ್ 2

ಮಗಳೇ,

ನಿನ್ನ ಪತ್ರ ಬಂದ ದಿನ ಅದನ್ನು ಹರಿದುಹಾಕಬೇಕು ಎನಿಸಿತು. ಬೆರಳಲ್ಲಿ ಬಲ ಬರಲಿಲ್ಲ. ನಿಮ್ಮಮ್ಮನಿಗೆ ಹರಿ ಎಂದರೆ ಅವಳು ಹರಿಯಲಿಲ್ಲ, ಮಡಚಿ ಇಟ್ಟಳು. ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಮನೆ ಬಿಟ್ಟದ್ದಲ್ಲದೆ ಹೆತ್ತವನನ್ನೂ ಬಿಟ್ಟುಕೊಟ್ಟಳು ಎಂದೆ. ಅಂಗಡಿ ಬೇಡ ಎಂದವಳಿಗೆ ಅಪ್ಪನೂ ಬೇಡ ಎಂದೆ. ಎಲ್ಲ ಬೈದು ಮುಗಿದ ಮೇಲೆ ನಿಮ್ಮಮ್ಮ "ಈಗ ಆ ಹುಡುಗಿ ಹೆಗಲಿಗೆ ಏನು ಮಾಡ್ತೀರಿ?" ಎಂದು ಕೇಳಿದಳು. ಎರಡು ವಾರ ನಾನು ಅವಳ ಜೊತೆ ಮಾತಾಡಲಿಲ್ಲ. ಊಟಕ್ಕೆ ಕೂತಾಗಲೂ ಮಾತಾಡಲಿಲ್ಲ, ಅವಳೇ ತುತ್ತು ಮಾಡಿ ಕೊಡುತ್ತಿದ್ದರೂ.

ನಿನ್ನೆ ಕಚೇರಿಗೆ ಹೋಗಿದ್ದೆವು. ದಂತವೈದ್ಯರು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ನಾನು ಅವರ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಅವರ ಕೈ ನೋಡಿದೆ. ಎರಡು ಬೆರಳಿನಲ್ಲಿ ತಿರುಗಿಸುತ್ತಾರೆ ಮಹಾರಾಯರು.

ಹೇಳಿಕೆ ನಾನೇ ಹೇಳಿದೆ, ಗುಮಾಸ್ತೆ ಟೈಪು ಮಾಡಿದಳು. ಉದ್ದ ಇಲ್ಲ. ನನ್ನ ಕಾರಿನ ಸ್ಟಿಯರಿಂಗಿನಲ್ಲಿ ದೋಷ ಇಲ್ಲ, ಮೊದಲೂ ಇರಲಿಲ್ಲ. ನನ್ನ ಬಲಗೈಯಲ್ಲಿ ಕಾಯಿಲೆ ಇದೆ, ಅದು ವಾಸಿಯಾಗುವುದಲ್ಲ. ನನ್ನ ಕೈಗೂ ಉಳಿದವರ ಕಾರಿಗೂ ಸಂಬಂಧ ಇಲ್ಲ. ಅವರ ಕಾರು ನಿಜವಾಗಿಯೂ ಕೆಟ್ಟಿತ್ತು. ಇಷ್ಟೇ.

ಸಹಿ ಹಾಕಿ ಎಂದಳು. ಪೆನ್ನು ಎರಡು ಸಲ ಬಿತ್ತು. "ಬರೆಯೋಕೆ ಬರಲ್ವಾ ಯಜಮಾನ್ರೇ? ಪರವಾಗಿಲ್ಲ, ಹೆಬ್ಬೆಟ್ಟು ಒತ್ತಿ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು ಪಾಪ. ಊರಿನ ಅರ್ಧ ಮನೆಗಳ ಗೋಡೆಯಲ್ಲಿ ಫ್ರೇಮಿನ ಕೆಳಗೆ ನನ್ನ ಅಕ್ಷರ ಇದೆ, ಹೆಸರು, ಇಸವಿ ಎಲ್ಲ ನಾನೇ ಬರೆದದ್ದು. ನನಗೆ ಅಳು ಬಂತು. ಎಲ್ಲರ ಎದುರಿಗೇ ಬಂತು. ಹೆಬ್ಬೆಟ್ಟು ಒತ್ತುವವರು ಹೇಳಿಕೆಯನ್ನು ಗಟ್ಟಿಯಾಗಿ ಓದಿಸಿ ಕೇಳಿಸಿಕೊಂಡು ಹೌದು ಎನ್ನಬೇಕಂತೆ, ಅದು ನಿಯಮ. ಅವಳು ಓದಿದಳು. ನಾನೇ ಹೇಳಿದ ಮಾತು ಇನ್ನೊಬ್ಬರ ಬಾಯಲ್ಲಿ ಕೇಳುವಾಗ ಮೊದಲ ಸಲ ಕೇಳಿದ ಹಾಗಾಯಿತು. "ಸರಿಯಾಗಿದೆಯಾ?" ಎಂದು ಕೇಳಿದಳು. ಹೌದು ಎಂದೆ. ನಿಮ್ಮಮ್ಮ ನನ್ನ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿ, ಕಾಗದಕ್ಕೆ ಒತ್ತಿದಳು.

ಆ ತಾಯಿಗೆ ಹೇಳು, ಹೆದರಬೇಡಿ ಎಂದು. ಮೊದಲ ಹೆಸರು ಅವರದು ಹಾಕು.

ಬರೆದು ಬರೆದು ನಿಮ್ಮಮ್ಮನ ಕೈಯೂ ಸೋತಿದೆ. ಇವತ್ತು ಅವಳು ಮಧ್ಯೆ ಒಂದು ಮಾತೂ ಸೇರಿಸಿಲ್ಲ, ನೋಡಿದೆಯಾ?

ರಜೆ ಕೇಳಿಟ್ಟಿದ್ದೇನೆ ಎಂದು ನೀನು ಬರೆದಿದ್ದೆ. ಅದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಬಾ. ನಿಲ್ದಾಣಕ್ಕೆ ಬಂದು ನಿನ್ನನ್ನು ಕರೆತರಲು ನನ್ನಿಂದ ಆಗುವುದಿಲ್ಲ, ಟ್ಯಾಕ್ಸಿ ಹಿಡಿದು ಬಂದುಬಿಡು. ಕಾರು ಚೆನ್ನಾಗಿಯೇ ಇದೆ.

ಅಪ್ಪ